ಖಳನಾಯಕನೋ ಪ್ರತಿನಾಯಕನೋ: ದುರ್ಯೋಧನನಿಗೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಚಿತ್ರದುರ್ಗದಲ್ಲಿ ಪದವಿ ಹುಡುಗರಿಗೆ ರನ್ನನ ಗದಾಯುದ್ಧ ಪಾಠ ಮಾಡುತ್ತಿದ್ದೇನೆ. ದುರ್ಯೋಧನನನ್ನು ಅವರು ಸಲೀಸಾಗಿ ‘ಖಳನಾಯಕ’ ಅನ್ನುತ್ತಾರೆ. ನಾನು ‘ಪ್ರತಿನಾಯಕ’ ಅನ್ನುತ್ತೇನೆ. ಎರಡೂ ಒಂದೇ ಅಲ್ಲ, ಅಲ್ವಾ?

ಖಳ ಅನ್ನೋದು ಗುಣದ ಮಾತು: ನೀಚ, ಕೇಡಿಗ. ಪ್ರತಿನಾಯಕ ಅಂದರೆ ನಾಯಕನ ಎದುರು ನಿಂತವನು, ಅಷ್ಟೇ. ಆದರೆ ಇಲ್ಲೂ ಒಂದು ತೊಡಕಿದೆ. ಧನಂಜಯನ ದಶರೂಪಕ ಅನ್ನೋ ಸಂಸ್ಕೃತ ನಾಟಕಶಾಸ್ತ್ರದ ಗ್ರಂಥ ಪ್ರತಿನಾಯಕನನ್ನೇ ಲೋಭಿ, ಪಾಪಿ, ಚಟದವನು ಅನ್ನುತ್ತದೆ. ಕಾವ್ಯಾದರ್ಶ ಬರೆದ ದಂಡಿಯ ದಾರಿ ಬೇರೆ. ಶತ್ರುವಿನ ವಂಶ, ಪರಾಕ್ರಮ, ವಿದ್ಯೆಯನ್ನೂ ಹೊಗಳಿ, ಆಮೇಲೆ ನಾಯಕ ಅವನನ್ನು ಗೆದ್ದ ಅಂದರೆ ನಾಯಕನ ಹಿರಿಮೆ ಕಾಣುತ್ತದೆ, ಅದೂ ನಮಗೆ ಹಿತವೇ ಅನ್ನುತ್ತಾನೆ.

ರನ್ನ ಈ ಲೆಕ್ಕವನ್ನೂ ದಾಟಿದ. ಕಾವ್ಯದ ಇನ್ನೊಂದು ಹೆಸರೇ ಸಾಹಸಭೀಮವಿಜಯ. ನಾಯಕ ಭೀಮ, ಅವನಲ್ಲಿ ಕವಿ ಕಂಡದ್ದು ತನ್ನ ದೊರೆ ಸತ್ಯಾಶ್ರಯನನ್ನು. ಆದರೂ ಓದಿದವರ ಮನಸ್ಸಲ್ಲಿ ಉಳಿಯುವವನು ದುರ್ಯೋಧನ. ರಣರಂಗದಲ್ಲಿ ಸತ್ತುಬಿದ್ದ ಅಭಿಮನ್ಯುವನ್ನು ಕಂಡು, ವೈರಿಯ ಮಗ ಅನ್ನದೆ ಹೊಗಳಿ, ನಿನ್ನಂಥ ಸಾವು ನನಗೂ ಬರಲಿ ಅಂತ ಬೇಡುವವನನ್ನು ಖಳ ಅನ್ನೋಕೆ ನನಗಂತೂ ನಾಲಿಗೆ ಹೊರಳುವುದಿಲ್ಲ. ಹಾಗಂತ ಅರಗಿನ ಮನೆಯನ್ನು, ದ್ರೌಪದಿಗೆ ಮಾಡಿದ ಅವಮಾನವನ್ನು ಮರೆಯೋಕಾಗುತ್ತಾ? ಹುಡುಗರು ಹಿಡಿದಿರೋದು ಅದನ್ನೇ.

ಪಂಪರಾಮಾಯಣ ಬರೆದ ಜೈನಕವಿ ನಾಗಚಂದ್ರನ ರಾವಣನೂ ಇಂಥವನೇ. ಜೈನ ಸಂಪ್ರದಾಯದಲ್ಲಿ ಅವನು ಪ್ರತಿವಾಸುದೇವ, ಅಂದರೆ ವಾಸುದೇವನಾದ ಲಕ್ಷ್ಮಣನ ಎದುರು ನಿಂತವನು. ಅವನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣ.

ಇನ್ನು ದುರ್ಗದಲ್ಲಿ ‘ನಾಯಕ’ ಅಂದರೆ ಮೊದಲು ನೆನಪಾಗೋದು ಮದಕರಿ. ಅದಕ್ಕೇ ಇರಬೇಕು, ಒಬ್ಬ ಹುಡುಗ ಕೇಳಿದ: ಖಳರ ನಾಯಕನಾ, ಖಳನಾದ ನಾಯಕನಾ? ವಿಗ್ರಹವಾಕ್ಯ ಹೇಗೆ ಮಾಡಿದರೂ ಒಂದು ಕಡೆ ಎಡವುತ್ತದೆ.

ಹೊಸದುರ್ಗ, ಹಿರಿಯೂರು ಕಡೆ ಕುರುಕ್ಷೇತ್ರ ನಾಟಕ ಕಟ್ಟುವಾಗ ದುರ್ಯೋಧನನ ಪಾರ್ಟಿಗೆ ಪೈಪೋಟಿ ಜಾಸ್ತಿ. ಕೈಯಿಂದ ದುಡ್ಡು ಹಾಕಿ ಆ ಪಾರ್ಟು ಮಾಡುವವರಿದ್ದಾರೆ. ಖಳನ ಪಾರ್ಟು ಅಂತ ಅವರ ಬಾಯಲ್ಲಿ ನಾನು ಕೇಳಿಲ್ಲ.

ನನಗೆ ಬೇಕಾಗಿರೋದು ಇಷ್ಟು. ಸಿನಿಮಾ ಬರುವ ಮುಂಚಿನ ನಾಟಕದ ಪುಸ್ತಕ, ಕರಪತ್ರಗಳಲ್ಲಿ ‘ಖಳನಾಯಕ’ ಅನ್ನುವ ಪದ ಯಾರಿಗಾದರೂ ಸಿಕ್ಕಿದೆಯಾ? ದಾವಣಗೆರೆಯ ಕಂಪನಿ ನಾಟಕದವರು, ಬಯಲಾಟದ ಮೇಷ್ಟ್ರುಗಳು ಇಂಥ ಪಾತ್ರಕ್ಕೆ ಏನನ್ನುತ್ತಿದ್ದರು? ‘ಎದುರಾಳಿ’ ಅಂತ ಮಾತ್ರ ಸೂಚಿಸಬೇಡಿ, ಅದು ಕಬಡ್ಡಿ ಅಂಕಣಕ್ಕೆ ಹೋಗಿ ಸೇರಿಕೊಂಡಿದೆ.