ಅಪ್ಪ ಮಲಗಿದಾರಾ, ಎದ್ದಿದಾರಾ?

ಗಾಂಧಿಬಜಾರಿನ ಹೋಟೆಲಲ್ಲಿ ಬೈಟು ಕಾಫಿ ಹಿಡಿದು ಕೂತಿದ್ದೆವು. ಗಿರಿ ಶುರು ಹಚ್ಚಿದ.

"ನಿನ್ನ ಬಿಲ್ಲಿಂಗ್ ಸಾಫ್ಟ್‌ವೇರ್ ನಮ್ಮ ಭಾವನ್ನ ಐದೈದು ನಿಮಿಷಕ್ಕೂ ಆಚೆ ತಳ್ಳುತ್ತಂತೆ!"

"ಯಾರೂ ಮುಟ್ಟದಿದ್ರೆ ತಾನೇ? ಟೀಗೆ ಎದ್ದು ಹೋದಾಗ ಗಲ್ಲಾ ತೆರೆದಿರಬಾರದು ಅಂತ."

"ಟೀಗೆಲ್ಲಿ ಹೋದ್ರು? ಎಕ್ಸೆಲ್‌ನಲ್ಲಿ ಸ್ಟಾಕ್ ಬರೀತಾ ಇದ್ರು."

ತಪ್ಪು ನನ್ನದೇ. ನನ್ನ ವಿಂಡೋ ಒಳಗೆ ಒತ್ತಿದ ಕೀ, ಆಡಿಸಿದ ಮೌಸ್ ಮಾತ್ರ ಎಣಿಸಿದ್ದೆ. ಪಕ್ಕದ ಮನೆಗೆ ಹೋದವನನ್ನು ಊರು ಬಿಟ್ಟ ಅಂದ ಹಾಗೆ. ಆಮೇಲೆ ವಿಂಡೋಸನ್ನೇ ಕೇಳಿದೆ. ಅದಕ್ಕೆ ಗೆಟ್‌ಲಾಸ್ಟ್‌ಇನ್‌ಪುಟ್‌ಇನ್ಫೋ ಅಂತ ಒಂದು ಫಂಕ್ಷನ್ ಇದೆ. ಯಾವ ಪ್ರೋಗ್ರಾಮಿನಲ್ಲಾದರೂ ಸರಿ, ಕೊನೇ ಸಲ ಕೈಯಾಡಿದ್ದು ಯಾವಾಗ ಅಂತ, ಕಂಪ್ಯೂಟರ್ ಆನ್ ಆದಾಗಿನಿಂದ ಎಣಿಸಿದ ಮಿಲಿಸೆಕೆಂಡಿನ ಲೆಕ್ಕದಲ್ಲಿ ಹೇಳುತ್ತೆ. ಈಗಿನ ಎಣಿಕೆಯಿಂದ ಕಳೆದರೆ ಮುಗೀತು.

"ಮುಗೀತಾ?" ಅಂದ ಮೂರ್ತಿ.

ಎಲ್ಲಿ! ಆ ಎಣಿಕೆ 32 ಬಿಟ್ಟಿನದು. 49.7 ದಿನಕ್ಕೆ ತುಂಬಿ ಮತ್ತೆ ಸೊನ್ನೆಯಿಂದ ಶುರು. ನಾನು ಮಹಾ ಬುದ್ಧಿವಂತ, ಈಗಿನ ಹೊತ್ತಿಗೆ 64 ಬಿಟ್ಟಿನ ಎಣಿಕೆ ಹಾಕಿದ್ದೆ. ಅದು ಸೊನ್ನೆಗೆ ಇಳಿಯೋದೇ ಇಲ್ಲ. ಭಾವ ಕಂಪ್ಯೂಟರ್ ಆರಿಸುವ ಜಾಯಮಾನದವರಲ್ಲ. ಐವತ್ತನೇ ದಿನ ಅವರು ಕೀ ಒತ್ತುತ್ತಿರುವಾಗಲೇ "ನೀವು 49 ದಿನದಿಂದ ಏನೂ ಮುಟ್ಟಿಲ್ಲ" ಅಂತ ಲೆಕ್ಕ ಹಾಕಿ ಲಾಗ್‌ಔಟ್!

"ಸುಮ್ನೆ ಕೂತು ನೋಡೋರ ಕಥೆ?" ಮೂರ್ತಿ ಕೇಳಿದ. "ನಮ್ಮಪ್ಪ ಕಣ್ಮುಚ್ಚಿ ಗೊರಕೆ ಹೊಡೀತಿರ್ತಾರೆ. ಟಿವಿ ಆಫ್ ಮಾಡು, ತಕ್ಷಣ 'ನೋಡ್ತಾ ಇದೀನಲ್ಲೋ' ಅಂತಾರೆ."

ಅದಕ್ಕೇ ಸಿನಿಮಾ ತೋರಿಸುವ ಪ್ಲೇಯರು ತಾನೇ ವಿಂಡೋಸಿಗೆ "ಪರದೆ ಆರಿಸಬೇಡಪ್ಪ" ಅಂತ ಹೇಳಿಟ್ಟಿರುತ್ತೆ. ನಿಮ್ಮಪ್ಪ ನಿಜಕ್ಕೂ ನೋಡ್ತಿದಾರಾ ಅನ್ನೋದು ಅದಕ್ಕೂ ಗೊತ್ತಿಲ್ಲ. ಆಡಿದ ಕೈ ವಿಂಡೋಸಿಗೆ ಕಾಣುತ್ತೆ, ಯೋಚನೆ ಮಾಡೋ ತಲೆ ಕಾಣಲ್ಲ.

"ನಮ್ಮ ಆಫೀಸಲ್ಲಿ ಒಬ್ಬ ಮಹಾನುಭಾವ ಮೌಸನ್ನ ಮುಳ್ಳಿನ ಕೈಗಡಿಯಾರದ ಮೇಲೆ ಇಡ್ತಾನೆ," ಅಂದ ಗಿರಿ. "ಸೆಕೆಂಡಿನ ಮುಳ್ಳು ತಿರುಗಿದಾಗೆಲ್ಲ ಕರ್ಸರ್ ಅಲುಗುತ್ತೆ. ಚಾಟ್‌ನಲ್ಲಿ ದಿನವಿಡೀ ಹಸಿರು ಚುಕ್ಕೆ. ಆಸಾಮಿ ಮನೇಲಿ ನಿದ್ದೆ."

ಅಷ್ಟರಲ್ಲಿ ಮಾಣಿ ಬಂದು ಟೇಬಲ್ ಒರೆಸಿದ. "ಇನ್ನೇನಾದ್ರೂ ಕೊಡ್ಲಾ ಸಾರ್?" ಎರಡನೇ ಎಚ್ಚರಿಕೆ. ನನ್ನ, ಮೂರ್ತಿಯ ಲೋಟ ಎತ್ತಿಕೊಂಡ. ಗಿರಿಯದಕ್ಕೆ ಕೈ ಹಾಕಿದ.

"ಇರಲಿ, ಕುಡೀತಾ ಇದೀನಿ."

ಬಗ್ಗಿ ನೋಡಿದೆ. ತಳದಲ್ಲಿ ಒಂದು ಗುಟುಕು, ಮೇಲೆ ಕೆನೆ ಕಟ್ಟಿತ್ತು. ಅರ್ಧ ಗಂಟೆಯಿಂದ ಹಾಗೇ ಇಟ್ಟುಕೊಂಡಿದ್ದ.