ಮುಂಬೈನ ಹಳೇ ಕಟ್ಟಡಗಳ ಹಿಂದಿನ ಸಂದಿ ಇರೋದು ಯಾಕೆ?

ಗಿರ್ಗಾಂವ್ ನಿವಾಸಿ:
ಗಿರ್ಗಾಂವ್, ಕಾಲ್ಬಾದೇವಿ ಕಡೆ ಹಳೇ ಕಟ್ಟಡಗಳ ಮಧ್ಯೆ ಒಬ್ಬರು ನುಸುಳುವಷ್ಟೇ ಅಗಲದ ಸಂದಿ ಇರುತ್ತಲ್ವಾ, ಹೌಸ್ ಗಲ್ಲಿ ಅಂತಾರೆ. ನಮ್ಮ ಚಾಳಿನ ಹಿಂದೆಯೂ ಇದೆ. ಮೇಲಿನ ಕಿಟಕಿಗಳಿಂದ ತರಕಾರಿ ಸಿಪ್ಪೆ, ಹಾಲಿನ ಕವರ್, ಡೈಪರ್ ಎಲ್ಲ ಅಲ್ಲಿಗೇ ಬೀಳುತ್ತೆ. ಕೇಳಿದರೆ, ಬ್ರಿಟಿಷರು ಅದನ್ನು ಕಸ ಹಾಕೋಕೇ ಬಿಟ್ಟಿದ್ದು ಅಂತಾರೆ. ನಿಜಾನಾ?

ಹಳೇ ಬೊಂಬಾಯಿ:
ಅಲ್ಲ. ಅದು ಮಲ ಎತ್ತುವವರು ಓಡಾಡೋಕೆ ಬಿಟ್ಟ ದಾರಿ. ಆಗ ಕಕ್ಕಸುಗಳು ಕಟ್ಟಡದ ಹಿಂಭಾಗದಲ್ಲಿ ಒಂದರ ಮೇಲೊಂದು ಇರುತ್ತಿದ್ದವು, ಕೆಳಗೆ ಬುಟ್ಟಿ. ಹಲಾಲ್‌ಖೋರರು ಅಂತ ಕರೆಯುತ್ತಿದ್ದ ಕೆಲಸಗಾರರು ಈ ಸಂದಿಯಿಂದ ಬಂದು ಬುಟ್ಟಿ ಹೊತ್ತು ಗಾಡಿಗೆ ಸುರಿಯಬೇಕಿತ್ತು. ಮನೆಯವರ ಕಣ್ಣಿಗೆ ಅವರು ಬೀಳಲೇಬಾರದು, ಕೆಲಸ ಮಾತ್ರ ಆಗಬೇಕು, ಹಂಗಿತ್ತು ಏರ್ಪಾಡು. 1888ರ ಮುನಿಸಿಪಲ್ ಕಾಯ್ದೆಯಲ್ಲಿ ಆಸ್ತಿ ತೆರಿಗೆಯ ಒಂದು ಭಾಗಕ್ಕೆ ಹಲಾಲ್‌ಖೋರ್ ಟ್ಯಾಕ್ಸ್ ಅಂತಲೇ ಹೆಸರಿತ್ತು.

ಬಂದರು ಕಡೆಯವನು:
1896ರ ಪ್ಲೇಗ್ ವಿಷಯ ಇದಕ್ಕೆ ಸೇರಿಸಬೇಕು. ಸೆಪ್ಟೆಂಬರ್‌ನಲ್ಲಿ ಬಂದರಿನ ಪಕ್ಕದ ಮಾಂಡವಿಯಲ್ಲಿ ಡಾ. ಅಕಾಸಿಯೊ ವಿಯೆಗಾಸ್ ರೋಗ ಗುರುತಿಸಿದರು. ಕೊಳಕೇ ಕಾರಣ ಅಂತ ನಂಬಿ ಪಾಲಿಕೆಯವರು ಚರಂಡಿಗಳಿಗೆ ಸಮುದ್ರದ ನೀರು, ಕಾರ್ಬಾಲಿಕ್ ಅನ್ನೋ ಕ್ರಿಮಿನಾಶಕ ಸುರಿಸಿದರು. ಇಲಿ ಚಿಗಟದ ಪಾತ್ರ ಹೊರಬಿದ್ದದ್ದು 1898ರಲ್ಲಿ. ರೋಗಿಗಳನ್ನು ಬಲವಂತವಾಗಿ ಆಸ್ಪತ್ರೆಗೆ ಎಳೆದೊಯ್ಯುವ ಆದೇಶ ಹೊರಟಾಗ ಊರೆಲ್ಲ ರೊಚ್ಚಿಗೆದ್ದಿತು. ಪಾಲಿಕೆ ಕಮಿಷನರ್ ಸ್ನೋ ಆ ಆದೇಶವನ್ನು ಸ್ವಲ್ಪ ಸಡಿಲ ಬಿಟ್ಟರು. ಅವರಿಗಿದ್ದ ದೊಡ್ಡ ಭಯ ಏನು ಗೊತ್ತಾ, ಹಲಾಲ್‌ಖೋರರೂ ಊರು ಬಿಟ್ಟರೆ ಬೊಂಬಾಯಿಯಲ್ಲಿ ಯಾರೂ ಬದುಕೋಕಾಗಲ್ಲ ಅನ್ನೋದು. ಲಕ್ಷಗಟ್ಟಲೆ ಜನ ಓಡಿಹೋದಾಗ ಊರು ನಿಂತಿದ್ದು ಇವರ ದುಡಿಮೆಯಿಂದ. ಅಂಥವರನ್ನು ಹಿಂದಿನ ಸಂದಿಯಲ್ಲೇ ಓಡಾಡಿಸಿದರಲ್ಲ ಅಂತ ನನಗೆ ಈಗಲೂ ಸಿಟ್ಟು ಬರುತ್ತೆ.

ಗಿರ್ಗಾಂವ್ ನಿವಾಸಿ:
ಇದು ಗೊತ್ತಿರಲಿಲ್ಲ, ಥ್ಯಾಂಕ್ಸ್. ಈಗಲೂ ಪಾಲಿಕೆಯ ಹುಡುಗರು ಆ ಸಂದಿಗೆ ಪಕ್ಕ ತಿರುಗಿಕೊಂಡು ಹೋಗಿ ಕೊಚ್ಚೆಯಲ್ಲಿ ನಿಂತು ಕೆರೆದು ತೆಗೀತಾರೆ, ಮೇಲಿಂದ ಯಾವಾಗ ಏನು ಬೀಳುತ್ತೋ ಅಂತ ಒಂದು ಕಣ್ಣು ಕಿಟಕಿ ಮೇಲೆ. ಅಂದಹಾಗೆ ಆಗ ಒಣ ಕಸ ಎಲ್ಲಿಗೆ ಹೋಗ್ತಿತ್ತು?

ಚೆಂಬೂರು ಲೋಕಲ್:
ನಮ್ಮ ಕಡೆಗೆ! ಕುರ್ಲಾ-ಚೆಂಬೂರು ರೈಲು ಹಳಿ 1906ರಲ್ಲಿ ಹಾಕಿದ್ದು, ಅದರಲ್ಲಿ ಊರಿನ ಕಸ ಬರುತ್ತಿತ್ತು. ಪ್ರಯಾಣಿಕರಿಗೆ ತೆರೆದದ್ದು 1924ರಲ್ಲಿ. ಪಕ್ಕದ ದೇವನಾರ್‌ನಲ್ಲಿ ಊರಿನ ಕಸ ಸುರಿಯೋ ಡಂಪಿಂಗ್ ಜಾಗ 1927ರಿಂದ ಇದೆ. 2016ರ ಜನವರಿಯಲ್ಲಿ ಅಲ್ಲಿ ಬೆಂಕಿ ಬಿದ್ದು ಹೊಗೆ ದಿನಗಟ್ಟಲೆ ಇತ್ತು.

ಮಲ್ಲೇಶ್ವರದವಳು:
ಬೆಂಗಳೂರಲ್ಲೂ ಇದೇ ಕಥೆ. 1898ರಲ್ಲಿ ಪ್ಲೇಗ್ ಇಲ್ಲಿಗೂ ಬಂತು, ಆಮೇಲೆ ಬೆಳೆದ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಮನೆಗಳ ಹಿಂದೆ ಮಲ ಎತ್ತುವವರ ಓಡಾಟಕ್ಕೆ ಕನ್ಸರ್ವೆನ್ಸಿ ಲೇನ್ ಅನ್ನೋ ಸಂದಿ ಬಿಟ್ಟರು. ತಲೆ ಮೇಲೆ ಮಲ ಹೊರೋದನ್ನು ನಿಲ್ಲಿಸೋಕೆ ಬಸವಲಿಂಗಪ್ಪನವರು ಮಂತ್ರಿಯಾಗೋವರೆಗೂ, ಅಂದ್ರೆ ಎಪ್ಪತ್ತರ ದಶಕದವರೆಗೂ ಕಾಯಬೇಕಾಯ್ತು. ರಕ್ಷಣೆಯ ಸಾಮಾನಿಲ್ಲದೆ ಮ್ಯಾನ್‌ಹೋಲ್‌ಗೆ ಇಳಿಸೋದು 2013ರ ಕಾಯ್ದೆ ಪ್ರಕಾರ ಅಪರಾಧ. ನಿಮ್ಮ ಬೀದೀಲಿ ಯಾರನ್ನಾದರೂ ಇಳಿಸಿದರೆ ಸುಮ್ನೆ ನೋಡ್ತಾ ನಿಲ್ಲಬೇಡಿ, ಫೋಟೊ ತೆಗೆದು ಅವತ್ತೇ ದೂರು ಕೊಡಿ.