ಸಹಾಯ ಬೇಕು: ಗುರುಪುರ ನದಿಯಲ್ಲಿ ಬಾರ್ಜ್ ಕಟ್ಟುವ ಜೆಟ್ಟಿ ಉದ್ದ ಮಾಡಲು ಅನುಮತಿ

ಎಲ್ಲರಿಗೂ ನಮಸ್ಕಾರ. ಮಂಗಳೂರು ಹಳೆ ಬಂದರಿನ ಹತ್ತಿರ ಬಾರ್ಜ್ (ಸರಕು ಸಾಗಿಸುವ ಚಪ್ಪಟೆ ತಳದ ದೋಣಿ) ಹಗ್ಗದಿಂದ ಕಟ್ಟಿ ನಿಲ್ಲಿಸಲು ನಮ್ಮದೊಂದು ಸಣ್ಣ ಜೆಟ್ಟಿ (ದಡದ ಕಟ್ಟೆ) ಇದೆ. ಎರಡಕ್ಕಷ್ಟೇ ಜಾಗ. ಮೂರನೆಯದನ್ನು ಪಕ್ಕದ ಬಾರ್ಜ್‌ಗೇ ಕಟ್ಟುತ್ತೇವೆ. ಮಳೆಗಾಲದಲ್ಲಿ ನೆರೆ ನೀರು, ಸಮುದ್ರದ ಇಳಿತ ಎರಡೂ ಸೇರಿದರೆ ಹಗ್ಗ ಕಿರ್ರ್ ಅಂತ ಬಿಗಿಯುತ್ತದೆ. ನಡುವೆ ಇಳಿಬಿಟ್ಟ ಟೈರ್‌ಗಳು ಹರಿದೇ ಹೋಗಿವೆ. ಯಾವ ಹುಡುಗನ ಕೈ ಸಿಕ್ಕಿಬಿಡುತ್ತದೋ ಅಂತ ರಾತ್ರಿ ನಿದ್ದೆ ಬರುವುದಿಲ್ಲ.

ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅನುಮತಿ ಬೇಕು, ಗೊತ್ತು. 2016ರ ಕಾಯ್ದೆಯಲ್ಲಿ ಈ ನದಿ ರಾಷ್ಟ್ರೀಯ ಜಲಮಾರ್ಗ 43 ಆಗಿರುವುದರಿಂದ ಒಳನಾಡು ಜಲಮಾರ್ಗ ಪ್ರಾಧಿಕಾರದ ಎನ್‌ಒಸಿಯೂ (ನಿರಾಕ್ಷೇಪಣಾ ಪತ್ರ) ಬೇಕಲ್ವಾ? ಮೊದಲು ಅರ್ಜಿ ಎಲ್ಲಿ ಹಾಕಬೇಕು? ನದಿಯ ಆಳ, ಉಬ್ಬರದ ಗೆರೆ ಅಳೆದುಕೊಡುವವರು ಯಾರು? ಎದುರು ದಡದ ಬೆಂಗ್ರೆಯ ದೋಣಿಗಳ ದಾರಿಗೆ ಮಾತ್ರ ಅಡ್ಡ ಆಗಬಾರದು. ಇಂಥ ಕೆಲಸ ಮಾಡಿಸಿದವರಿದ್ದರೆ ದಯವಿಟ್ಟು ತಿಳಿಸಿ.